ಬಸದಿ ಎಂದರೆ ವಾಸದ ಮನೆ: ಲಕ್ಕುಂಡಿಯ ಬ್ರಹ್ಮ ಜಿನಾಲಯ ಮತ್ತು ಛಾಯಾಚಿತ್ರದ ಧರ್ಮ

‘ಬಸದಿ’ ಎಂಬ ಪದವು ಸಂಸ್ಕೃತದ ‘ವಸತಿ’ ಎಂಬುದರ ತದ್ಭವ. ವಸತಿ ಎಂದರೆ ವಾಸಸ್ಥಾನ, ಮನೆ. ದೇವಾಲಯಕ್ಕೆ ಜೈನರು ಮನೆಯ ಹೆಸರನ್ನೇ ಇಟ್ಟುದರಲ್ಲಿ ಒಂದು ವಿಶೇಷಾರ್ಥವಿದೆ. ಮನೆ ಎಂದ ಮೇಲೆ ಅಲ್ಲಿ ಯಾರಾದರೂ ಇರಬೇಕು. ಬೆಳಗಾಗುತ್ತಲೇ ಬಾಗಿಲು ತೆರೆಯಬೇಕು, ಕಸ ಗುಡಿಸಬೇಕು, ದೀಪ ಬೆಳಗಬೇಕು. ಬಿಂಬಕ್ಕೆ ಅಭಿಷೇಕ, ಮುನಿಗಳಿಗೆ ಆಹಾರದಾನ, ಮಕ್ಕಳಿಗೆ ಪಾಠ, ಇವೆಲ್ಲ ನಡೆದಾಗ ಮಾತ್ರ ಬಸದಿಯು ಹೆಸರಿಗೆ ತಕ್ಕ ಮನೆಯಾಗುತ್ತದೆ. ಜನ ಬಿಟ್ಟುಹೋದ ಬಸದಿಯು ಎಷ್ಟೇ ಸುಂದರವಾಗಿದ್ದರೂ ಬೀಗ ಹಾಕಿದ ಮನೆಯೇ ಸರಿ.

ಕರ್ನಾಟಕದಲ್ಲಿ ಇಂಥ ಬೀಗ ಹಾಕಿದ ಮನೆಗಳು ಅನೇಕ. ಕೆಲವು ಸರಕಾರದ ರಕ್ಷಣೆಯಲ್ಲಿರುವ ಪ್ರಾಚೀನ ಜಿನಾಲಯಗಳು. ಕೆಲವು ಊರಿನ ಕೊನೆಯ ಶ್ರಾವಕ ಕುಟುಂಬವೂ ಪಟ್ಟಣ ಸೇರಿದ ಮೇಲೆ ಪೂಜೆ ನಿಂತ ಸಣ್ಣ ಬಸದಿಗಳು. ಇನ್ನು ಕೆಲವು ಹಳೆಯ ಮನೆತನಗಳ ವಾಡೆಗಳಲ್ಲಿ ಉಳಿದ ಗೃಹ ಚೈತ್ಯಾಲಯಗಳು. ಇವುಗಳ ಬಗೆಗೆ ಇಂದಿನ ಶ್ರಾವಕರ ಕರ್ತವ್ಯವೇನು? ಎಲ್ಲವನ್ನೂ ಜೀರ್ಣೋದ್ಧಾರ ಮಾಡುವ ಶಕ್ತಿ ಯಾವ ಟ್ರಸ್ಟಿಗೂ ಇಲ್ಲ. ಆದರೆ ಇರುವುದನ್ನು ಇದ್ದಂತೆ ದಾಖಲಿಸುವ ಶಕ್ತಿ ಎಲ್ಲರಿಗೂ ಇದೆ. ಆ ದಾಖಲೆಯ ಮುಖ್ಯ ಸಾಧನ ಛಾಯಾಚಿತ್ರ. ಈ ವಿಷಯವನ್ನು ವಿಚಾರಿಸುವುದಕ್ಕೆ ಗದಗ ಜಿಲ್ಲೆಯ ಲಕ್ಕುಂಡಿಗಿಂತ ಉತ್ತಮ ಉದಾಹರಣೆ ದೊರೆಯಲಾರದು.

ಅತ್ತಿಮಬ್ಬೆಯ ಮನೆ

ಗದಗದಿಂದ ಪೂರ್ವಕ್ಕೆ ಕೊಪ್ಪಳದ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರು ಸಾಗಿದರೆ ಲಕ್ಕುಂಡಿ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಇಂದು ಸಾಧಾರಣ ಹಳ್ಳಿಯಂತೆ ಕಾಣುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಒಂದು ದೊಡ್ಡ ಪಟ್ಟಣ. ಇಲ್ಲಿ ಟಂಕಸಾಲೆಯಿತ್ತು, ಇಲ್ಲಿ ಮುದ್ರಿತವಾದ ಚಿನ್ನದ ನಾಣ್ಯ ‘ಲೊಕ್ಕಿ ಗದ್ಯಾಣ’ ಎಂದು ಹೆಸರಾಗಿ ದೂರದೂರದ ವ್ಯವಹಾರಗಳಲ್ಲಿ ಚಲಾವಣೆಯಲ್ಲಿತ್ತು. ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಇಂದಿಗೂ ಹೇಳುತ್ತಾರೆ. ಎಣಿಕೆ ಹೇಗೇ ಇರಲಿ, ಆ ಮಾತಿನ ಹಿಂದಿರುವ ಸಂಪತ್ತು ಕಲ್ಪನೆಯದಲ್ಲ.

ಈ ಪಟ್ಟಣದಲ್ಲಿ ಕ್ರಿ.ಶ. 1007ರಲ್ಲಿ, ಚಾಲುಕ್ಯ ಚಕ್ರವರ್ತಿ ಸತ್ಯಾಶ್ರಯ ಇರಿವಬೆಡಂಗನ ಆಳಿಕೆಯಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು ಬ್ರಹ್ಮ ಜಿನಾಲಯ. ಅತ್ತಿಮಬ್ಬೆಯ ಚರಿತ್ರೆಯು ಜೈನ ಮನೆಗಳಲ್ಲಿ ಪರಿಚಿತವಾದುದೇ. ತಂದೆ ಮಲ್ಲಪಯ್ಯ, ಅವಳನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಮಂತ್ರಿ ಧಲ್ಲಪನ ಮಗ ನಾಗದೇವನಿಗೆ ಕೊಟ್ಟು ವಿವಾಹವಾಯಿತು. ನಾಗದೇವನು ಅಕಾಲದಲ್ಲಿ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಚಿತೆಯನ್ನೇರಲಿಲ್ಲ, ಮಗ ಅಣ್ಣಿಗದೇವನನ್ನು ಬೆಳೆಸುತ್ತ, ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ, ತನ್ನ ಐಶ್ವರ್ಯವನ್ನು ದಾನಕ್ಕೆ ಮೀಸಲಿಟ್ಟಳು. ಅವಳ ಆಶ್ರಯದಲ್ಲಿ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದನು. ಆ ಕವಿಯೂ ಬಳೆಗಾರ ವರ್ತಕರ ಮನೆತನದಲ್ಲಿ ಹುಟ್ಟಿದವನೆಂಬುದನ್ನು ವ್ಯಾಪಾರಸ್ಥ ಸಮಾಜ ನೆನಪಿನಲ್ಲಿಡತಕ್ಕದ್ದು.

ಅತ್ತಿಮಬ್ಬೆಯ ಕಾರ್ಯಗಳಲ್ಲಿ ಒಂದನ್ನು ಇಲ್ಲಿ ಬೇರೆಯಾಗಿ ಎತ್ತಿ ಹೇಳಬೇಕು. ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ಅವಳ ತಂದೆ ಮಲ್ಲಪಯ್ಯ ಮತ್ತು ಅವನ ಸೋದರ ಪೊನ್ನಮಯ್ಯ ಬರೆಯಿಸಿದ್ದರು. ಆ ಗ್ರಂಥ ನಶಿಸಬಾರದೆಂದು ಅವಳು ಅದರ ಸಾವಿರ ಪ್ರತಿಗಳನ್ನು ತಾಳೆಗರಿಯಲ್ಲಿ ಬರೆಯಿಸಿ ಹಂಚಿದಳು. ಚಿನ್ನ ಮತ್ತು ರತ್ನಗಳ ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧಿಯಿದೆ. ಆ ಚಿನ್ನದ ಬಿಂಬಗಳು ಇಂದು ಎಲ್ಲಿವೆಯೋ ಯಾರೂ ತೋರಿಸಲಾರರು. ಆದರೆ ಶಾಂತಿಪುರಾಣ ಉಳಿದಿದೆ. ಚಿನ್ನಕ್ಕೆ ಸಿಗದ ಆಯುಷ್ಯ ಓಲೆಗರಿಗೆ ಸಿಕ್ಕಿತು. ಏಕೆಂದರೆ ಅದರ ಪ್ರತಿಗಳು ಹಲವು ಕಡೆ ಇದ್ದವು.

ಮನೆ ಬರಿದಾದ ಬಗೆ

ಪೂರ್ವಾಭಿಮುಖವಾಗಿರುವ ಬ್ರಹ್ಮ ಜಿನಾಲಯದಲ್ಲಿ ಗರ್ಭಗೃಹ, ಅಂತರಾಳ, ಗೂಢಮಂಟಪ ಮತ್ತು ತೆರೆದ ಮುಖಮಂಟಪಗಳಿವೆ; ಗರ್ಭಗೃಹದ ಮೇಲೆ ದ್ರಾವಿಡ ಕ್ರಮದ ಶಿಖರ. ಒಳಗಿನ ನಾಲ್ಕು ಮುಖದ ಬ್ರಹ್ಮನ ಪ್ರತಿಮೆ ಮತ್ತು ಪದ್ಮಾವತಿಯ ಪ್ರತಿಮೆ ಶಿಲ್ಪಕಲೆಯ ಅಭ್ಯಾಸಿಗಳಿಗೆಲ್ಲ ಪರಿಚಿತ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನ ದೊಡ್ಡ ದೊಡ್ಡ ತುಂಡುಗಳಿಂದ ಕಟ್ಟುತ್ತಿದ್ದರು. ಇಲ್ಲಿ ನುಣುಪಾದ ಬಳಪದ ಜಾತಿಯ ಕಲ್ಲನ್ನು ಚಿಕ್ಕ ತುಂಡುಗಳಾಗಿ ಬಳಸಿದ್ದಾರೆ. ಈ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಕಟ್ಟಡಗಳಲ್ಲಿ ಇದೂ ಒಂದೆಂದು ವಾಸ್ತುಶಿಲ್ಪದ ಇತಿಹಾಸಕಾರರು ಎಣಿಸುತ್ತಾರೆ. ಲಕ್ಕುಂಡಿಯದೇ ಕಾಶೀವಿಶ್ವೇಶ್ವರ, ಇಟಗಿಯ ಮಹಾದೇವ (1112), ಬೇಲೂರಿನ ಚೆನ್ನಕೇಶವ (1117), ಇವುಗಳ ಸೂಕ್ಷ್ಮ ಕೆತ್ತನೆಗೆ ದಾರಿ ತೆರೆದದ್ದು ಈ ಕಲ್ಲಿನ ಬದಲಾವಣೆ. ಒಬ್ಬ ಜೈನ ವಿಧವೆಯ ದಾನವು ಕನ್ನಡ ನಾಡಿನ ಶಿಲ್ಪದ ದಿಕ್ಕನ್ನು ರೂಪಿಸುವುದರಲ್ಲಿ ಪಾಲು ಪಡೆಯಿತೆಂದರೆ ಅತಿಶಯೋಕ್ತಿಯಲ್ಲ.

ಇಂಥ ಮನೆ ಒಂದೇ ದಿನದಲ್ಲಿ ಬರಿದಾಗಲಿಲ್ಲ. ಹನ್ನೆರಡನೆಯ ಶತಮಾನದ ಕೊನೆಗೆ ಚಾಲುಕ್ಯರ ಆಳಿಕೆ ಕುಸಿಯಿತು. ಸೇವುಣರ ಭಿಲ್ಲಮನಿಗೂ ಹೊಯ್ಸಳರ ಇಮ್ಮಡಿ ಬಲ್ಲಾಳನಿಗೂ ಸೊರಟೂರು, ಲಕ್ಕುಂಡಿಗಳ ಸುತ್ತಲೇ ಯುದ್ಧವಾಯಿತು. 1192ರ ಹೊತ್ತಿಗೆ ಬಲ್ಲಾಳನು ಲೊಕ್ಕಿಗುಂಡಿಯಲ್ಲಿ ನೆಲೆವೀಡು ಹೂಡಿದ್ದನು. ಮುಂದೆ ರಾಜಧಾನಿಗಳು ಬೇರೆಡೆಗೆ ಸರಿದವು. ವ್ಯಾಪಾರದ ದಾರಿಗಳೂ ಬದಲಾದವು. ಟಂಕಸಾಲೆಯೂ ಸಂತೆಯೂ ಇಲ್ಲದ ಊರಿನಲ್ಲಿ ವರ್ತಕನು ನಿಲ್ಲುವುದಿಲ್ಲ. ವರ್ತಕರು ಹೋದ ಮೇಲೆ ಬಸದಿಯ ದತ್ತಿಗಳನ್ನು ನಡೆಸುವವರು ಯಾರು? ಅನ್ಯರ ಉಪದ್ರವವನ್ನಷ್ಟೇ ಕಾರಣವಾಗಿ ಹೇಳುವುದು ಸುಲಭ. ಆದರೆ ಶ್ರಾವಕರೇ ಊರು ಬಿಟ್ಟದ್ದೂ ಒಂದು ಕಾರಣವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಇದೇ ಗದಗ ತಾಲ್ಲೂಕಿನ ಮುಳಗುಂದದಲ್ಲಿ 902ರ ಶಾಸನವೊಂದಿದೆ. ವೈಶ್ಯನಾದ ಚಿಕಾರ್ಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದೂ, ಅವನ ಮಗನು ಅದರ ನಿರ್ವಹಣೆಗೆ ಭೂಮಿಯನ್ನು ಬಿಟ್ಟನೆಂದೂ ಅದು ತಿಳಿಸುತ್ತದೆ. ಕಟ್ಟಿಸುವುದು ತಂದೆಯ ಪುಣ್ಯವಾದರೆ ನಡೆಸುವುದು ಮಗನ ಹೊಣೆ. ಈ ಎರಡನೆಯದು ತಪ್ಪಿದಲ್ಲೆಲ್ಲ ಬಸದಿಯು ಮನೆಯಾಗಿರದೆ ಕಟ್ಟಡವಾಗಿ ಉಳಿಯುತ್ತದೆ.

ಕ್ಯಾಮರಾ ಬಂದ ಕಾಲ

ಛಾಯಾಗ್ರಹಣ ಕಲೆಯು 1839ರಲ್ಲಿ ಯುರೋಪಿನಲ್ಲಿ ಪ್ರಕಟವಾಗಿ ಒಂದೆರಡು ದಶಕಗಳಲ್ಲೇ ಕನ್ನಡ ನಾಡಿನ ಗುಡಿಗಳ ಮುಂದೆ ಬಂದು ನಿಂತಿತು. 1855ರಲ್ಲಿ ಬೊಂಬಾಯಿ ಸರಕಾರವು ಪ್ರಾಚೀನ ಕಟ್ಟಡಗಳ ಚಿತ್ರ ಬರೆಯುವವರಿಗೆ ಬದಲಾಗಿ ಛಾಯಾಗ್ರಾಹಕನನ್ನು ನೇಮಿಸಿತು. ಮೊದಲು ನೇಮಕಗೊಂಡವನು ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್. ವಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದನು. ಅವನು ಸೈನ್ಯಕ್ಕೆ ಮರಳಿದ ಮೇಲೆ ಆ ಕೆಲಸ ವೈದ್ಯಾಧಿಕಾರಿ ಡಾ. ವಿಲಿಯಂ ಹೆನ್ರಿ ಪಿಗೊ ಎಂಬವನಿಗೆ ಬಂದಿತು. ಧಾರವಾಡ ಸೀಮೆಯನ್ನು ಸುತ್ತಿದ ಪಿಗೊ ಲಕ್ಕುಂಡಿಯ ಗುಡಿಗಳ ಚಿತ್ರಗಳನ್ನು ತೆಗೆದನು. 1858ರಲ್ಲಿ ಅವನು ತೀರಿಕೊಂಡನು. ಮೈಸೂರು ಸೀಮೆಯ ಹಳೇಬೀಡು, ಬೇಲೂರುಗಳ ಚಿತ್ರಗಳನ್ನು ತೆಗೆದ ಎ.ಸಿ.ಬಿ. ನೀಲ್ ಕೂಡ ವೈದ್ಯನೇ.

ಅಂದಿನ ಚಿತ್ರಗ್ರಹಣ ಇಂದಿನಂತೆ ಗುಂಡಿ ಒತ್ತುವ ಕೆಲಸವಾಗಿರಲಿಲ್ಲ. ಬೆಳ್ಳಿಯ ಲವಣಗಳನ್ನು ಸವರಿದ ಕಾಗದವೇ ನೆಗೆಟಿವ್. ಬಿಸಿಲ ನಾಡಿನಲ್ಲಿ ಕತ್ತಲೆಯ ಗುಡಾರ ಹೂಡಿ, ರಸಾಯನಗಳ ಪೆಟ್ಟಿಗೆಗಳನ್ನು ಬಂಡಿಯಲ್ಲಿ ಸಾಗಿಸಿ, ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಕಾಯಬೇಕಾಗಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಂತದ್ದು ಮಾತ್ರ ಚಿತ್ರದಲ್ಲಿ ಮೂಡುತ್ತಿತ್ತು. ಹಾದುಹೋದ ಮನುಷ್ಯರೂ ದನಗಳೂ ಮಾಯವಾಗಿ ಕಲ್ಲೊಂದೇ ಉಳಿಯುತ್ತಿತ್ತು. ಆದುದರಿಂದ ಆ ಕಾಲದ ಚಿತ್ರದಲ್ಲಿ ಗುಡಿಯು ನಿರ್ಜನವಾಗಿ ಕಂಡರೆ ಊರೇ ನಿರ್ಜನವಾಗಿತ್ತೆಂದು ತಿಳಿಯಲಾಗದು. ಛಾಯಾಚಿತ್ರವೂ ಎಲ್ಲವನ್ನೂ ಹೇಳುವ ಸಾಕ್ಷಿಯಲ್ಲ ಎಂಬುದಕ್ಕೆ ಇದು ಮೊದಲ ಪಾಠ.

ಈ ಮೂವರ ಚಿತ್ರಗಳು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಎಂಬ ಪ್ರಕಾಶಕರಿಂದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಸಂಪುಟವಾಗಿ ಹೊರಬಂದವು. ಅದಕ್ಕೆ ಚರಿತ್ರೆಯ ಭಾಗವನ್ನು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನೂ ವಾಸ್ತುವಿನ ಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಬರೆದರು. ಈ ಮಾಲೆಯ ಪ್ರಕಟಣೆಗೆ ಸರಕಾರದ ಹಣವೊಂದೇ ಸಾಲದೆ ಬೊಂಬಾಯಿಯ ವರ್ತಕರು ಮುಂದೆ ಬಂದರು. ಇದೇ ಮಾಲೆಯ ಅಹಮದಾಬಾದು ಸಂಪುಟಕ್ಕೆ ಆಶ್ರಯವಿತ್ತವನು ಸೂರತಿನ ಜೈನ ವರ್ತಕ ಪ್ರೇಮಚಂದ ರಾಯಚಂದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಧಾರಣೆ ಏರಿದಾಗ ಅವನಷ್ಟು ಗಳಿಸಿದವರು ವಿರಳ. 1865ರಲ್ಲಿ ಯುದ್ಧ ನಿಂತು ಧಾರಣೆ ಬಿದ್ದಾಗ ಅವನಷ್ಟು ಕಳೆದುಕೊಂಡವರೂ ವಿರಳ. ಆ ಶೇರುಗಳ ಸಂಪತ್ತು ಕೆಲವೇ ತಿಂಗಳಲ್ಲಿ ಕರಗಿತು. ಅವನು ಕೊಟ್ಟ ದಾನದಿಂದಾದ ಚಿತ್ರಗಳು ಮತ್ತು ಅವನ ತಾಯಿ ರಾಜಾಬಾಯಿಯ ಹೆಸರಿನ, 1878ರಲ್ಲಿ ಮುಗಿದ ಬೊಂಬಾಯಿ ವಿಶ್ವವಿದ್ಯಾಲಯದ ಗಡಿಯಾರದ ಗೋಪುರ ಇಂದಿಗೂ ಇವೆ. ಕಣ್ಣು ಕಾಣದ ಆ ತಾಯಿಗೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಲು ಗಂಟೆಯ ಸದ್ದು ನೆರವಾಗಲೆಂದು ಗೋಪುರ ಕಟ್ಟಿಸಿದನೆಂಬ ಐತಿಹ್ಯವೂ ಇದೆ. ಗಳಿಸಿದ್ದರಲ್ಲಿ ಉಳಿದದ್ದು ಕೊಟ್ಟದ್ದು ಮಾತ್ರ ಎಂಬುದನ್ನು ವ್ಯಾಪಾರಿಗೆ ಇದಕ್ಕಿಂತ ಚೆನ್ನಾಗಿ ಯಾವ ಲೆಕ್ಕವೂ ಕಲಿಸಲಾರದು.

ಮುಂದೆ ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸ್ ದೀರ್ಘಕಾಲ ಕನ್ನಡ ಜಿಲ್ಲೆಗಳನ್ನು ಸುತ್ತಿ ಚಿತ್ರ, ನಕ್ಷೆ, ಅಳತೆಗಳನ್ನು ಸಂಗ್ರಹಿಸಿದನು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಅವನ ಗ್ರಂಥ 1926ರಲ್ಲಿ ಪ್ರಕಟವಾಯಿತು. ಲಕ್ಕುಂಡಿಯ ದೊಡ್ಡ ಜೈನ ಬಸದಿಗೆ ಅಲ್ಲಿ ಗೌರವದ ಸ್ಥಾನವಿದೆ. ಯಾವ ಕಂಬ ಅಂದು ಇತ್ತು, ಯಾವ ಕಲ್ಲು ಸರಿಯಿತು, ಯಾವ ಭಾಗವನ್ನು ಅನಂತರ ಸರಿಪಡಿಸಲಾಯಿತು ಎಂಬುದನ್ನು ಇಂದು ತಿಳಿಯಬೇಕಾದವರು ಇಂಥ ಹಳೆಯ ಚಿತ್ರಗಳನ್ನೇ ಆಶ್ರಯಿಸಬೇಕು. ಬಸದಿಯನ್ನು ಬಿಟ್ಟುಹೋದ ಸಮಾಜದವರ ಕೈಯಲ್ಲಿ ಅಂಥ ದಾಖಲೆ ಇಲ್ಲ. ಪರದೇಶದಿಂದ ಬಂದವರ ಪೆಟ್ಟಿಗೆಯಲ್ಲಿ ಇದೆ. ಇದು ನಾಚಿಕೆಪಡಬೇಕಾದ ಸಂಗತಿಯೆಂದಲ್ಲದಿದ್ದರೂ ಯೋಚಿಸಬೇಕಾದ ಸಂಗತಿ.

ಹಿಂಸೆಯ ಲೆಕ್ಕ

ಜೈನನು ಯಾವ ಸಾಧನವನ್ನು ಕೈಗೆತ್ತಿಕೊಂಡರೂ ಅದರಲ್ಲಿರುವ ಹಿಂಸೆ ಎಷ್ಟು ಎಂದು ಕೇಳಲೇಬೇಕು. ಛಾಯಾಗ್ರಹಣವೂ ಈ ಪ್ರಶ್ನೆಯಿಂದ ಹೊರತಲ್ಲ. 1866ರ ಸಂಪುಟಗಳಲ್ಲಿ ಅಂಟಿಸಿದ ಚಿತ್ರಗಳು ‘ಆಲ್ಬುಮೆನ್’ ಕಾಗದದಲ್ಲಿ ಮೂಡಿದವು. ಅಂದರೆ ಮೊಟ್ಟೆಯ ಬಿಳಿ ಲೋಳೆಯನ್ನು ಸವರಿದ ಕಾಗದ. 1871ರ ಅನಂತರ ಬಂದ ಒಣ ಗಾಜಿನ ಫಲಕಗಳಲ್ಲಿಯೂ, ಅವುಗಳ ಬಳಿಕ ಮನೆಮನೆಗೆ ಬಂದ ಫಿಲಂ ಸುರುಳಿಗಳಲ್ಲಿಯೂ ಬೆಳ್ಳಿಯ ಲವಣವನ್ನು ಹಿಡಿದಿಡುತ್ತಿದ್ದುದು ಪ್ರಾಣಿಗಳ ಎಲುಬು, ಚರ್ಮಗಳಿಂದ ತಯಾರಾಗುವ ಜೆಲಟಿನ್. ವೀತರಾಗ ಜಿನೇಂದ್ರನ ರೂಪವನ್ನು ಮೊಟ್ಟೆಯ ಲೋಳೆಯಲ್ಲಿ, ಎಲುಬಿನ ಅಂಟಿನಲ್ಲಿ ಮೂಡಿಸಿದರೆಂಬುದನ್ನು ಕೇಳಿ ಅನೇಕ ಶ್ರಾವಕರಿಗೆ ಮನಸ್ಸು ನೋಯುವುದು ಸಹಜ.

ಆದರೆ ವಿಚಾರವನ್ನು ಅಲ್ಲಿಗೇ ಬಿಡಬಾರದು. ಆಚಾರ್ಯರು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊಲ್ಲುವ ಸಂಕಲ್ಪದಿಂದ ಮಾಡುವ ಹಿಂಸೆ ಶ್ರಾವಕನಿಗೆ ಸರ್ವಥಾ ವರ್ಜ್ಯ. ಉಳಿದವುಗಳಲ್ಲಿ ಯತ್ನಾಚಾರದಿಂದ, ಅಂದರೆ ಎಚ್ಚರದಿಂದ, ಹಿಂಸೆಯನ್ನು ಕಡಿಮೆ ಮಾಡುತ್ತ ನಡೆಯಬೇಕು. ಹಳೆಯ ಚಿತ್ರಗಳು ಈಗಾಗಲೇ ಆಗಿಹೋದವು. ಅವುಗಳನ್ನು ನೋಡುವುದರಿಂದ ಹೊಸ ಹಿಂಸೆಯಾಗದು. ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ಚಿತ್ರ ಹಿಡಿಯಲು ಮೊಟ್ಟೆಯೂ ಬೇಡ, ಜೆಲಟಿನ್ನೂ ಬೇಡ. ಹಾಗಿರುವಾಗ ಹಿಂದಿನವರಿಗಿದ್ದ ಸಂಕೋಚ ಇಂದಿನವರಿಗಿಲ್ಲ. ದಾಖಲಿಸದೆ ಕೂರುವುದಕ್ಕೆ ನೆಪವೂ ಉಳಿದಿಲ್ಲ.

ಕೊಡದುದನ್ನು ಒಯ್ದವರು

ಅಚೌರ್ಯ ವ್ರತದ ವಿಚಾರದಲ್ಲಿ ಛಾಯಾಚಿತ್ರದ ಉಪಯೋಗ ಇನ್ನೂ ಸ್ಪಷ್ಟ. ಕೊಡದ ವಸ್ತುವನ್ನು ತೆಗೆದುಕೊಳ್ಳುವುದು ಕಳವು ಎಂಬುದು ತತ್ತ್ವಾರ್ಥಸೂತ್ರದ ವಿವರಣೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ತೂಕ ಅಳತೆಗಳಲ್ಲಿ ಮೋಸ, ಅಸಲಿಗೆ ನಕಲಿಯನ್ನು ಬೆರೆಸುವುದು, ಈ ಐದೂ ಆ ವ್ರತದ ಅತಿಚಾರಗಳು. ಸಾವಿರಾರು ವರ್ಷಗಳ ಹಿಂದೆ ಮಾಡಿದ ಈ ಪಟ್ಟಿಯು ಇಂದಿನ ಮೂರ್ತಿ ಕಳವಿನ ವ್ಯಾಪಾರಕ್ಕೆ ಒಂದೊಂದಾಗಿ ಅನ್ವಯಿಸುತ್ತದೆ. ಗುಡಿಯ ಕಳ್ಳನೊಬ್ಬ, ಅವನಿಗೆ ಮುಂಗಡ ಕೊಡುವವನೊಬ್ಬ, ಗಡಿ ದಾಟಿಸುವವನೊಬ್ಬ, ಸುಳ್ಳು ಕಾಗದ ಮಾಡುವವನೊಬ್ಬ, ಕೊನೆಗೆ ಕಣ್ಣು ಮುಚ್ಚಿ ಕೊಳ್ಳುವ ಶ್ರೀಮಂತನೊಬ್ಬ.

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂತಾನ್ ಎಂಬ ಊರಿನಲ್ಲಿ ಪೂಜೆ ನಿಂತುಹೋದ ಒಂದು ಚೋಳರ ಕಾಲದ ಗುಡಿ. ಅಲ್ಲಿಯ ನಟರಾಜನ ಕಂಚಿನ ಮೂರ್ತಿ ಕಳವಾಗಿ, 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯು ಅದನ್ನು 50 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಕೊಟ್ಟು ಕೊಂಡಿತು. ಕಾಗದಪತ್ರಗಳೆಲ್ಲ ಸರಿಯಾಗಿವೆಯೆಂದು ಮಾರಿದವರು ಹೇಳಿದ್ದರು. ಆದರೆ ಪುದುಚೇರಿಯ ಫ್ರೆಂಚ್ ಸಂಸ್ಥೆಯು 1956ರಿಂದ ದಕ್ಷಿಣ ಭಾರತದ ಗುಡಿಗಳ ಚಿತ್ರಗಳನ್ನು ತೆಗೆದಿಡುತ್ತ ಬಂದಿತ್ತು. 1994ರಲ್ಲಿ ತೆಗೆದ ಚಿತ್ರದಲ್ಲಿ ಅದೇ ನಟರಾಜ ಅದೇ ಗುಡಿಯಲ್ಲಿದ್ದ. ಆ ಸಾಕ್ಷಿಯ ಮುಂದೆ ಸುಳ್ಳು ಕಾಗದ ನಿಲ್ಲಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪ್ರಧಾನಿಯೇ ಮೂರ್ತಿಯನ್ನು ಭಾರತಕ್ಕೆ ಒಪ್ಪಿಸಿದರು. ಬಿಟ್ಟುಹೋದ ಗುಡಿಯೊಂದರಲ್ಲಿ ಯಾರೋ ತಾಳ್ಮೆಯಿಂದ ತೆಗೆದಿಟ್ಟ ಒಂದು ಚಿತ್ರ ಇಪ್ಪತ್ತು ವರ್ಷಗಳ ತರುವಾಯ ಕಾವಲುಗಾರನ ಕೆಲಸ ಮಾಡಿತು.

ಜೈನ ಸಮಾಜವೂ ಈ ದುಃಖವನ್ನು ಕಂಡಿದೆ. 2013ರ ಜುಲೈನಲ್ಲಿ ಮೂಡಬಿದಿರೆಯ ಗುರುಬಸದಿಯಿಂದ ಅಮೂಲ್ಯ ಬಿಂಬಗಳು ಕಳವಾದಾಗ ನಾಡಿನ ಶ್ರಾವಕರೆಲ್ಲ ತಲ್ಲಣಿಸಿದರು. ಪ್ರಸಿದ್ಧ ಕ್ಷೇತ್ರವಾದುದರಿಂದ ಅದು ಕೂಡಲೇ ಸುದ್ದಿಯಾಯಿತು, ತನಿಖೆಯಾಯಿತು. ಹೆಸರೇ ಕೇಳದ ಹಳ್ಳಿಯ ಬಸದಿಯಿಂದ ಅರ್ಧ ಅಡಿಯ ಪಂಚಲೋಹದ ಪಾರ್ಶ್ವನಾಥ ಕಳವಾದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆ, ‘ಫೋಟೋ ಇದೆಯೇ?’ ಎಂಬುದು. ಬಹುತೇಕ ಕಡೆ ಉತ್ತರ ‘ಇಲ್ಲ’. ಎತ್ತರವೆಷ್ಟು, ಹೆಡೆಗಳೆಷ್ಟು, ಪೀಠದ ಹಿಂದೆ ಬರಹವಿತ್ತೇ ಎಂಬುದಕ್ಕೂ ಉತ್ತರವಿರುವುದಿಲ್ಲ. ದಿನವೂ ಕೈಯಾರೆ ಅಭಿಷೇಕ ಮಾಡಿದವರಿಗೂ ಅದು ನೆನಪಿಗೆ ಬರುವುದಿಲ್ಲ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾನೂನು 1976ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೂ ಹಳೆಯದಾದ ಮೂರ್ತಿಗಳು ಅದರ ವ್ಯಾಪ್ತಿಗೆ ಬರುತ್ತವೆ; ಅವುಗಳನ್ನು ಛಾಯಾಚಿತ್ರದೊಂದಿಗೆ ನೋಂದಾಯಿಸತಕ್ಕದ್ದು. ನೋಂದಾಯಿಸಿದರೆ ಸರಕಾರ ಒಯ್ದುಬಿಡುತ್ತದೆಂಬ ಹೆದರಿಕೆ ಅನೇಕ ಮನೆತನಗಳಲ್ಲಿದೆ. ನೋಂದಣಿಯಿಂದ ಒಡೆತನ ಹೋಗುವುದಿಲ್ಲ, ಪೂಜೆಯೂ ನಿಲ್ಲುವುದಿಲ್ಲ. ಬದಲಾಗಿ, ಕಳವಾದ ದಿನ ಕೈಯಲ್ಲೊಂದು ಆಧಾರವಿರುತ್ತದೆ.

ಸತ್ಯವ್ರತ ಮತ್ತು ನಾಗನಾಥ

ದಾಖಲೆಯ ಕೆಲಸದಲ್ಲಿ ಸತ್ಯವ್ರತಕ್ಕೂ ಪರೀಕ್ಷೆಯಿದೆ. ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯದ ಹತ್ತಿರವೇ ನಾಗನಾಥ ಗುಡಿಯಿದೆ. ಮೂಲತಃ ಅದು ಜಿನಾಲಯವಾಗಿತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದು ಗರ್ಭಗೃಹದಲ್ಲಿ ಶಿವಲಿಂಗವಿದೆ. ಇದನ್ನು ಬರೆಯುವಾಗ ಎರಡು ತಪ್ಪುಗಳಾಗಬಹುದು. ಮೂಲದಲ್ಲಿ ಬಸದಿಯಾಗಿದ್ದುದನ್ನು ಮರೆಮಾಚುವುದು ಒಂದು. ಇಂದು ಅಲ್ಲಿ ಕೈಮುಗಿಯುವವರ ಭಕ್ತಿಯನ್ನು ಹೀಯಾಳಿಸುವುದು ಇನ್ನೊಂದು. ಇದ್ದುದನ್ನು ಇದ್ದಂತೆ, ಇರುವುದನ್ನು ಇರುವಂತೆ ಹೇಳುವುದೇ ಅನೇಕಾಂತದ ದಾರಿ. ಚಿತ್ರದ ಅಡಿಬರಹವು ವ್ಯಾಜ್ಯದ ಅರ್ಜಿಯಾಗಬಾರದು.

ಲಕ್ಕುಂಡಿಯ ಹಳೆಯ ಕಲ್ಲುಗಳು ಗುಡಿಗಳಲ್ಲಷ್ಟೇ ಇಲ್ಲ. ಮನೆಗಳ ಗೋಡೆ, ಕಟ್ಟೆ, ಹಿತ್ತಲುಗಳಲ್ಲಿಯೂ ಸೇರಿಕೊಂಡಿವೆ. 2024ರ ನವೆಂಬರಿನಲ್ಲಿ ಅಂಥ ಅವಶೇಷಗಳನ್ನು ಹುಡುಕಿ ಸಂಗ್ರಹಿಸುವ ಅಭಿಯಾನ ನಡೆದಾಗ ಊರಿನವರು ಮುಂದೆ ಬಂದು ಒಪ್ಪಿಸಿದರು. ಶತಮಾನಗಳಿಂದ ಆ ಕಲ್ಲುಗಳನ್ನು ಉಳಿಸಿದವರೂ ಅವರೇ. ಊರು ಬಿಟ್ಟವರು ಊರಿನಲ್ಲಿ ಉಳಿದವರಿಗೆ ಋಣಿಗಳಾಗಿರಬೇಕು.

ಬೀಗ ಹಾಕಿದ ಮನೆಯ ಚೈತ್ಯಾಲಯ

ಈಗ ಹತ್ತಿರದ ವಿಷಯಕ್ಕೆ ಬರೋಣ. ಧಾರವಾಡ, ಗದಗ, ಬೆಳಗಾವಿ ಸೀಮೆಗಳ ಹಳೆಯ ಜೈನ ಮನೆಗಳಲ್ಲಿ ದೇವರ ಕೋಣೆಯೇ ಒಂದು ಸಣ್ಣ ಬಸದಿ. ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸುತ್ತಾರೆ, ಹಿರಿಯರು ಕಾಲವಾಗುತ್ತಾರೆ, ಮನೆಗೆ ಬೀಗ ಬೀಳುತ್ತದೆ. ಕೆಲವು ದಿನ ಉಪಾಧ್ಯೆಯವರು ಬಂದು ಪೂಜೆ ಮಾಡುತ್ತಾರೆ, ಅನಂತರ ಅದೂ ನಿಲ್ಲುತ್ತದೆ. ಪ್ರತಿಷ್ಠೆಯಾದ ಬಿಂಬವನ್ನು ಪೂಜೆಯಿಲ್ಲದೆ ಇಡಲಾಗದು. ಸಮೀಪದ ಬಸದಿಗೆ ಒಪ್ಪಿಸುವುದೇ ಉಚಿತ. ಆದರೆ ಒಪ್ಪಿಸುವ ಮುನ್ನ ಮನೆಯನ್ನೂ ಚೈತ್ಯಾಲಯವನ್ನೂ ಬಿಂಬಗಳನ್ನೂ ಚಿತ್ರಿಸಿ ಪಟ್ಟಿ ಮಾಡಬೇಕು.

ಅಂಗಡಿಯನ್ನು ಮುಚ್ಚುವಾಗ ವ್ಯಾಪಾರಿಯು ದಾಸ್ತಾನು ಪಟ್ಟಿ ಮಾಡದೆ ಬಾಗಿಲು ಎಳೆಯುವುದಿಲ್ಲ. ದೇವರ ಮನೆಯ ವಿಷಯದಲ್ಲಿ ಅಷ್ಟು ಎಚ್ಚರವಾದರೂ ಬೇಡವೇ? ಕ್ರಮ ಸರಳವಾದುದು. ಮೊದಲು ಮನೆತನದವರ, ಟ್ರಸ್ಟಿನ ಒಪ್ಪಿಗೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಇಲಾಖೆಯ ನಿಯಮಗಳ ಪಾಲನೆ. ಶುಚಿಯಾಗಿ, ಪಾದರಕ್ಷೆ ಬಿಟ್ಟು, ಪೂಜೆಯ ಹೊತ್ತಿಗೆ ಅಡ್ಡಿಯಾಗದಂತೆ ಹೋಗಬೇಕು. ಕಟ್ಟಡದ ನಾಲ್ಕು ದಿಕ್ಕು, ಬಾಗಿಲುವಾಡ, ಕಂಬ, ಮಾಡು, ಗರ್ಭಗೃಹ, ಹೀಗೆ ಹೊರಗಿನಿಂದ ಒಳಕ್ಕೆ ಸಾಗಬೇಕು. ಪ್ರತಿಯೊಂದು ಬಿಂಬವನ್ನೂ ಮುಂದೆ, ಹಿಂದೆ, ಎರಡು ಪಕ್ಕಗಳಿಂದ, ಪಕ್ಕದಲ್ಲೊಂದು ಅಳತೆಪಟ್ಟಿಯಿಟ್ಟು ಹಿಡಿಯಬೇಕು. ಲಾಂಛನ, ಪೀಠದ ಬರಹ, ಮುರಿದ ಭಾಗ, ಇವು ಬೇರೆಬೇರೆ ಚಿತ್ರಗಳಾಗಬೇಕು. ಶಾಸನದ ಅಕ್ಷರ ಸ್ಪಷ್ಟವಾಗಲೆಂದು ಸುಣ್ಣ, ಎಣ್ಣೆ, ಸೀಮೆಸುಣ್ಣ ಹಚ್ಚುವುದು ಕಲ್ಲಿಗೆ ಮಾಡುವ ಅಪಚಾರ; ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವೇ ಎದ್ದು ಕಾಣುತ್ತವೆ. ಬಾವಲಿಯೋ ಜೇನೋ ವಾಸವಾಗಿದ್ದರೆ ಹೊಗೆ ಹಾಕಿ ಎಬ್ಬಿಸಬಾರದು. ಮನುಷ್ಯರು ಬಿಟ್ಟ ಮನೆಯಲ್ಲಿ ಅವು ಒಕ್ಕಲಾಗಿವೆ. ಅವುಗಳಿಗೆ ಅಭಯದಾನ ಸಲ್ಲಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬರಹ. ತಾರೀಖು, ಊರು, ತೆಗೆದವರ ಹೆಸರು, ಎತ್ತರ, ಅಗಲ, ತೂಕ, ಮನೆಯ ಹಿರಿಯರು ಹೇಳಿದ ಸಂಗತಿ, ಇವೆಲ್ಲ ಒಂದು ವಹಿಯಲ್ಲಿ ದಾಖಲಾಗಬೇಕು. ಬರಹವಿಲ್ಲದ ಚಿತ್ರವು ಹೆಸರಿಲ್ಲದ ಖಾತೆಯಂತೆ. ಮೊತ್ತವಿದೆ, ಯಾರದೆಂದು ತಿಳಿಯದು. ಪ್ರತಿಗಳು ಮೂರು ಕಡೆ ಇರಬೇಕು: ಮನೆತನದಲ್ಲಿ ಒಂದು, ಟ್ರಸ್ಟಿನಲ್ಲಿ ಒಂದು, ಮಠ ಅಥವಾ ಗ್ರಂಥಭಂಡಾರದಲ್ಲಿ ಒಂದು. ಮೊಬೈಲಿನಲ್ಲಿರುವ ಚಿತ್ರ ಮೊಬೈಲಿನೊಂದಿಗೇ ಹೋಗುತ್ತದೆ. ಮುಖ್ಯವಾದವುಗಳನ್ನು ಒಳ್ಳೆಯ ಕಾಗದದಲ್ಲಿ ಮುದ್ರಿಸಿ ವಹಿಗೆ ಅಂಟಿಸುವುದು ಮೇಲು. ಪ್ರತಿ ವರ್ಷ ಟ್ರಸ್ಟಿನ ಲೆಕ್ಕ ತಪಾಸಣೆಯಾಗುವಾಗಲೇ ಬಿಂಬಗಳನ್ನು ಈ ವಹಿಯೊಂದಿಗೆ ತಾಳೆ ನೋಡಬೇಕು. ಹಣದ ತಾಳೆಪಟ್ಟಿಯಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೆ ನಿದ್ದೆಗೆಡುವವರು ಬಿಂಬಗಳ ಎಣಿಕೆಯನ್ನೇ ಮಾಡದಿರುವುದು ವಿಪರ್ಯಾಸ.

ಚಿತ್ರದ ಮಿತಿ

ಛಾಯಾಚಿತ್ರಕ್ಕೆ ಮಿತಿಗಳೂ ಇವೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ನಿಕ್ಷೇಪಗಳು ನಾಲ್ಕು. ಜಿನಬಿಂಬದಲ್ಲಿ ಜಿನನನ್ನು ಕಾಣುವುದು ಸ್ಥಾಪನಾ ನಿಕ್ಷೇಪ. ಪಂಚಕಲ್ಯಾಣ ವಿಧಿಯಿಂದ ಪ್ರತಿಷ್ಠೆಯಾದ ಬಿಂಬದ ಸ್ಥಾನವನ್ನು ಚಿತ್ರವು ಪಡೆಯಲಾರದು. ಅದು ಜ್ಞಾನಕ್ಕೆ ಉಪಕರಣ. ಹಾಗೆಂದು ಅದನ್ನು ಹೇಗಾದರೂ ಬಳಸಬಹುದೆಂದೂ ಅಲ್ಲ. ಲಗ್ನಪತ್ರಿಕೆ, ಕೈಚೀಲ, ಮಿಠಾಯಿ ಪೊಟ್ಟಣಗಳ ಮೇಲೆ ತೀರ್ಥಂಕರರ ಚಿತ್ರ ಅಚ್ಚಾಗಿ ಮರುದಿನ ಕಸದ ತೊಟ್ಟಿಯಲ್ಲಿ ಬೀಳುವುದು ಅವಿನಯ. ಅಚ್ಚು ಹಾಕಿಸಿದವರಿಗೂ ಅದರ ದೋಷ ತಟ್ಟುತ್ತದೆ.

ಬೆಲೆಬಾಳುವ ಬಿಂಬಗಳು ಎಲ್ಲಿವೆ, ಬೀಗ ಹೇಗಿದೆ ಎಂಬುದು ಊರಿಗೆಲ್ಲ ತಿಳಿಯುವಂತೆ ಚಿತ್ರಗಳನ್ನು ಹರಡುವುದೂ ಅವಿವೇಕ. ದಾಖಲೆ ಬೇರೆ, ಪ್ರದರ್ಶನ ಬೇರೆ. ಇನ್ನು, ಚಿತ್ರ ತೆಗೆದಾಯಿತೆಂದು ಬಸದಿಯನ್ನು ಬೀಳಲು ಬಿಡುವುದಂತೂ ಅತ್ಯಂತ ದೊಡ್ಡ ತಪ್ಪು. ತಂದೆಯ ಫೋಟೋಕ್ಕೆ ಹಾರ ಹಾಕಿ ತಂದೆಯನ್ನು ಉಪವಾಸ ಕೆಡವಿದಂತೆ ಅದು.

ಸಾವಿರದ ಪ್ರತಿ

ಮೂಡಬಿದಿರೆಯ ಭಂಡಾರದಲ್ಲಿ ಧವಲ, ಜಯಧವಲ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಕೇವಲ ದರ್ಶನಕ್ಕಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕೆಲಸ ತೊಡಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಪ್ರತಿಯಾದರೆ ಪಾವಿತ್ರ್ಯ ಕೆಡುತ್ತದೆಂಬ ಅಳುಕು ಅಂದು ಹಲವರಿಗಿತ್ತು. ಇಂದು ಆ ಗ್ರಂಥಗಳನ್ನು ಓದುವವರು ದೇಶದ ತುಂಬ ಇದ್ದಾರೆ. ಮೂಲ ಗರಿಗಳ ಗೌರವ ಕಡಿಮೆಯಾಗಿಲ್ಲ, ಹೆಚ್ಚಿದೆ.

ಅತ್ತಿಮಬ್ಬೆಗೆ ಇದು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಬಸದಿ ಕಟ್ಟಿಸಿದವಳೂ ಅವಳೇ, ಪ್ರತಿ ಮಾಡಿಸಿದವಳೂ ಅವಳೇ. ಒಂದು ಮತ್ತೊಂದಕ್ಕೆ ಬದಲಿಯೆಂದು ಅವಳು ಭಾವಿಸಲಿಲ್ಲ. ಅವಳ ಕಾಲದಲ್ಲಿ ಪ್ರತಿಯೆಂದರೆ ತಾಳೆಗರಿ, ಕಂಠ, ಲಿಪಿಕಾರನ ತಿಂಗಳುಗಟ್ಟಲೆ ಶ್ರಮ. ಇಂದು ಅದಕ್ಕೆ ಒಂದು ಮುಂಜಾನೆ, ಒಂದು ಕ್ಯಾಮರಾ, ಒಂದು ವಹಿ ಸಾಕು. ಶಾಸ್ತ್ರದಾನದ ಸಾಲಿಗೆ ಈ ದಾನವನ್ನೂ ಸೇರಿಸಿಕೊಂಡರೆ ದೋಷವಿಲ್ಲ.

ಲಕ್ಕುಂಡಿಗೆ ಹೋಗುವ ಶ್ರಾವಕ ಕುಟುಂಬಗಳು ಬ್ರಹ್ಮ ಜಿನಾಲಯದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ತೆಗೆಸಿಕೊಳ್ಳಲಿ. ಆದರೆ ಅದಕ್ಕೆ ಮುನ್ನ ಒಳಗೆ ಹೋಗಿ, ಕ್ಷಣ ಹೊತ್ತು ಕುಳಿತು, ಣಮೋಕಾರ ಮಂತ್ರವನ್ನು ಜಪಿಸಲಿ. ಮರಳಿ ತಮ್ಮ ಊರಿಗೆ ಹೋದಾಗ ಅಜ್ಜನ ಮನೆಯ ಬೀಗ ತೆಗೆದು, ದೇವರ ಕೋಣೆಯ ಕಸ ಗುಡಿಸಿ, ಅಲ್ಲಿ ಏನೇನಿದೆಯೆಂದು ನೋಡಿ ಬರೆದಿಡಲಿ. ವಸತಿಯು ಬಸದಿಯಾದುದು ಜನರು ಅಲ್ಲಿಗೆ ಹೋಗಿಬರುತ್ತಿದ್ದುದರಿಂದ. ಅದು ಮತ್ತೆ ಮನೆಯಾಗುವುದಕ್ಕೂ ಬೇರೆ ಉಪಾಯವಿಲ್ಲ.